ಮದುಮಗನ ತೂಕಕ್ಕೆ ಟೈರು

ಮಾಚೇನಹಳ್ಳಿಯಲ್ಲಿ ಟೈರ್ ಅಂಗಡಿ ಇಟ್ಟಮೇಲೆ ನಗೋದಕ್ಕೆ ನಾನು ಬೇರೆಲ್ಲೂ ಹೋಗಿದ್ದಿಲ್ಲ. ಗಿರಾಕಿಗಳೂ ನಮ್ಮ ಮೇಸ್ತ್ರಿಯೂ ಸೇರಿದರೆ ದಿನಕ್ಕೊಂದು ಕಥೆ ಗ್ಯಾರಂಟಿ.

೧. ಚಪಾತಿ ಹಿಟ್ಟು

ಎರಡು ಸಾವಿರದ ಆಸುಪಾಸು. ಭದ್ರಾವತಿಯ ಫೌಂಡ್ರಿ ಮಾಲೀಕರೊಬ್ಬರು ಎರಡು ಬಾಗಿಲಿನ ಹಳೇ ಸ್ಪೋರ್ಟ್ಸ್ ಕಾರು ತಂದರು, ಜೊತೆಗೆ ಪಳಪಳ ಹೊಳೆಯುವ ಆರಿಂಚು ಅಗಲದ ಅಲಾಯ್ ವೀಲು. ಮುಂದಿನ ವಾರ ತಮ್ಮನ ಮದುವೆ. ಮದುಮಗ ಇದೇ ಕಾರಲ್ಲಿ ಬರ್ತಾನೆ ಅಂತ ಶಿವಮೊಗ್ಗದ ಬೀಗರಿಗೆ ಮಾತು ಕೊಟ್ಟಾಗಿತ್ತು. "ಇನ್ನೂರ ಇಪ್ಪತ್ತೈದು ಮಿಲಿಮೀಟರಿನ ಟೈರ್ ಹಾಕಿ, ಅಗಲ ಕಾಣ್ಬೇಕು" ಅಂದರು.

ಮೇಸ್ತ್ರಿ ವಾದ ಮಾಡಲಿಲ್ಲ. ತನ್ನ ಊಟದ ಡಬ್ಬಿಗೆಂದು ಮನೆಯಲ್ಲಿ ಕಲಸಿಟ್ಟಿದ್ದ ಚಪಾತಿ ಹಿಟ್ಟು ತರಿಸಿ, ಮಡ್‌ಗಾರ್ಡಿನ ಒಳಗೆ ಒಂದು ಉಂಡೆ ಮೆತ್ತಿ, ಅಗಲದ ಟೈರ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದ. ಟೈರು ತಾಗಿ ಉಂಡೆ ಹಪ್ಪಳ ಆಗಿತ್ತು. "ಖಾಲಿ ಕಾರಿಗೇ ಹಿಂಗೆ ಸಾರ್. ನೂರಾ ತೊಂಬತ್ತೈದೇ ಸಾಕು" ಅಂದ. ಆ ಮನುಷ್ಯನ ಬುದ್ಧಿಗೆ ನಾನು ಅವತ್ತೇ ಶರಣಾದೆ. ಮೇಸ್ತ್ರಿ ಮಾತ್ರ ಮಧ್ಯಾಹ್ನ ಬರೀ ಪಲ್ಯ ತಿಂದ.

೨. ಅಳತೆ

ಮಾಲೀಕರಿಗೆ ಇನ್ನೂ ಅನುಮಾನ. ದಾರೀಲಿ ಟೈರು ಉಜ್ಜಿ ನಿಂತರೆ ಬೀಗರ ಮುಂದೆ ಮರ್ಯಾದೆ ಏನಾಗ್ಬೇಕು? ಹಂಗಾದರೆ ಮದುಮಗನನ್ನೇ ಕರ್ಕೊಂಡು ಬನ್ನಿ ಅಂದ ಮೇಸ್ತ್ರಿ.

ಬಂದರು ಮಹಾರಾಯರು. ನೂರು ಕೆಜಿಗೆ ಮೋಸವಿಲ್ಲ. ಕೂತ ತಕ್ಷಣ ಕಾರು ಎಡಕ್ಕೆ ವಾಲಿತು. ಮೇಸ್ತ್ರಿ ನೆಲಕ್ಕೆ ಮಲಗಿ ನೋಡಿ, ನೂರಾ ತೊಂಬತ್ತೈದಕ್ಕೆ ಒಂದು ಬೆರಳು ಜಾಗ ಇದೆ ಅಂದ. "ಆದ್ರೆ ಮದುವೆವರೆಗೂ ದಪ್ಪ ಆಗ್ಬೇಡಿ ಸಾರ್." ಬೀಗರ ಮನೆಯ ಔತಣ ಇನ್ನೂ ಮೂರು ಬಾಕಿ ಇತ್ತಂತೆ, ಪಾಪ.

೩. ಸಾಕ್ಷಿ

ಔತಣಗಳ ಸುದ್ದಿ ಕೇಳಿದ್ದರಿಂದ ಮದುವೆ ಬೆಳಿಗ್ಗೆ ಮೇಸ್ತ್ರಿ ಮದುಮಗ ಕೂರುವ ಕಡೆಯ ಮಡ್‌ಗಾರ್ಡಿನ ಒಳಗೆ ಹಿಟ್ಟಿನ ಹೊಸ ಉಂಡೆ ಮೆತ್ತಿಯೇ ಕಾರು ಕಳಿಸಿದ. ಹಿಂದಿನ ವ್ಯಾನಿನಲ್ಲಿ ನಾವಿಬ್ಬರು. ಭದ್ರಾವತಿಯಿಂದ ಶಿವಮೊಗ್ಗದ ಛತ್ರದವರೆಗೆ ಒಂದು ಸದ್ದಿಲ್ಲ, ಮದುಮಗನ ಹಾಗೇ ಗಂಭೀರವಾಗಿ ಬಂತು ಕಾರು. ಬೀಗರು ಸುತ್ತ ಬಂದು ನೋಡಿದ್ದೇ ನೋಡಿದ್ದು. ನನಗೆ ಎದೆ ತುಂಬಿ ಬಂತು.

ಆದರೂ ಮಾಲೀಕರು ನಮ್ಮ ಹತ್ತಿರ ಬಂದು, ಒಂಚೂರಾದರೂ ತಾಗಿರಬೇಕು ಅಲ್ವಾ ಅಂತ ಪಿಸುಗುಟ್ಟಿದರು. ತೋರಿಸ್ತೀನಿ ಬನ್ನಿ ಅಂತ ಮೇಸ್ತ್ರಿ ಎದೆ ಉಬ್ಬಿಸಿ ಹೊರಟ. ಅಷ್ಟರಲ್ಲಿ ಬೀದಿ ಹಸು ಒಂದು ಬಂದು, ಮದುಮಗ ಕೂತಿದ್ದ ಕಡೆಯ ಚಕ್ರದ ಮೇಲಿನ ಸಂದಿಗೆ ಮೂತಿ ತೂರಿಸಿತು. ಹೆಣ್ಣಿನ ಕಡೆಯ ಅಜ್ಜಿ, ಗೋಮಾತೆಯೇ ಗಾಡಿಗೆ ಆಶೀರ್ವಾದ ಮಾಡ್ತಿದಾಳೆ ಅಂದರು. ತಟ್ಟೆಯಲ್ಲಿದ್ದ ಅರಿಶಿನ ಕುಂಕುಮ ಹಸುವಿನ ಹಣೆಗೆ ಬಿತ್ತು. ಮಾಲೀಕರೂ ಅನುಮಾನ ಮರೆತು ಕೈ ಮುಗಿದರು.

ಇಡೀ ದಿಬ್ಬಣದಲ್ಲಿ ಕೈ ಮುಗಿಯದೆ ನಿಂತವನು ನಮ್ಮ ಮೇಸ್ತ್ರಿ ಒಬ್ಬನೇ.

"ಟೈರು ತಾಗಿಲ್ಲ ಅನ್ನೋದಕ್ಕೆ ಅದೊಂದೇ ಸಾಕ್ಷಿ ಇತ್ತು ಸಾರ್," ಅಂದ. "ತಿಂದುಬಿಡ್ತು."