ಮಾಮಾನ ಗಿಟಾರು, ಅತ್ತೆಯ ಸುರ

ನರಗುಂದದಲ್ಲಿ ಕಾಳಿನ ವ್ಯಾಪಾರ ಮಾಡುವ ನನ್ನ ಸೋದರಮಾವನಿಗೆ ಎರಡು ವಿಷಯ ಚೆನ್ನಾಗಿ ಗೊತ್ತು: ಒಂದು ಕಡಲೆ, ಇನ್ನೊಂದು ಎಲೆಕ್ಟ್ರಿಕ್ ಗಿಟಾರು. ಕಡಲೆಯ ಬಗ್ಗೆ ಯಾರದೂ ತಕರಾರಿಲ್ಲ!

ಗಜೇಂದ್ರಗಡದ ಆರ್ಕೆಸ್ಟ್ರಾವೊಂದು ಮುಚ್ಚಿದಾಗ ಕೊಂಡ ಗಿಟಾರು ಅದು. ಅತ್ತೆ ಹಾಡಿದಲ್ಲೆಲ್ಲ ಮಾಮಾ ನುಡಿಸಲೇಬೇಕು; ಸೀಮಂತವಾದರೂ ಸರಿ, ಪೂಜೆಯಾದರೂ ಸರಿ. ತಂತಿಗಳ ವಯಸ್ಸು ಮಾತ್ರ ಕೇಳಬೇಡಿ. "ಹರಿಯೂತನಾ ಹಗ್ಗ ಬದಲಿ ಮಾಡ್ತಾರೇನು?" ಎಂಬುದು ಅವರ ಸಿದ್ಧಾಂತ.

ಈ ವರ್ಷ ಸುರ ತಪ್ಪತೊಡಗಿತು. ಮಾಮಾ ಮೊದಲು ಫ್ಯಾನನ್ನು ಶಂಕಿಸಿ, ಅದನ್ನು ಆರಿಸಿ, ನಮ್ಮನ್ನೆಲ್ಲ ಎರಡು ತಾಸು ಬೆವರಿಸಿದರು. ಆಮೇಲೆ ಕರೆಂಟು "ತೆಳ್ಳಗೈತಿ" ಎಂದರು. ಕೊನೆಗೆ ಸಿಕ್ಕವರು ಅತ್ತೆ.

"ಮ್ಯಾಲಿನ ಸ್ವರಕ್ಕ ನಿನ್ನ ಧ್ವನಿ ಇಳೀತೈತಿ ನೋಡು. ವಯಸ್ಸಾತು."

ಅತ್ತೆ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಆ ಭಾನುವಾರವೇ ರೋಣದಲ್ಲಿ, ಅವರ ಸೊಸೆಯ ತವರಲ್ಲಿ, ಮೊಮ್ಮಗಳ ತೊಟ್ಟಿಲ ಕಾರ್ಯ. ನಮ್ಮ ಬಳಗದ ಯಾವ ಕೂಸೂ ಅತ್ತೆಯ ಜೋಗುಳವಿಲ್ಲದೆ ತೊಟ್ಟಿಲು ಏರಿದ್ದಿಲ್ಲ. "ನಾ ಹಾಡೂದಿಲ್ಲ. ಬ್ಯಾರೇದವ್ರು ಹಾಡ್ಲಿ," ಎಂದುಬಿಟ್ಟರು.

ಶನಿವಾರ ನಾನು ಸ್ವರ ಅಳೆಯುವ ಫೋನಿನ ಟ್ಯೂನರ್ ಹಿಡಿದು ಗಿಟಾರಿನ ಮುಂದೆ ಕುಳಿತೆ. ಎಲ್ಲೂ ಒತ್ತದೆ ಬಿಡಿ ತಂತಿ ಮೀಟಿದರೆ ಸ್ವರ ಸರಿಯಿತ್ತು. ಅದನ್ನೇ ನಟ್ಟನಡುವೆ, ಹನ್ನೆರಡನೇ ಫ್ರೆಟ್ಟಿನ ಪಟ್ಟಿಯಲ್ಲಿ ಒತ್ತಿದರೆ ಸ್ವರ ಇರಬೇಕಾದ್ದಕ್ಕಿಂತ ತುಸು ಏರುತ್ತಿತ್ತು; ಅದರ ಪಕ್ಕದಲ್ಲಿ ಅತ್ತೆಯ ಧ್ವನಿಯೇ ಇಳಿದಂತೆ ಕೇಳುತ್ತಿತ್ತು.

"ಬಿಡಿ ತಂತಿ ಬರೋಬ್ಬರಿ ಐತಲ್ಲವಾ, ಮುಗೀತು!" ಎಂದರು ಮಾಮಾ.

"ಮಾಮಾ, ಚೀಲದ ಬಾಯಾಗಿನ ಕಾಳಷ್ಟ ನೋಡಿ ರೇಟು ಹೇಳ್ತೀರೇನು?"

"ಹುಚ್ಚಿ! ನಡುವ ಚುಚ್ಚಿ ನೋಡಬೇಕು."

"ತಂತೀಗೂ ಹಂಗರಿ."

ಮಾಮಾ ಗಿಟಾರಿನ ಚೀಲ ಎಳೆದು ಮುಂದಿಟ್ಟರು. ಅದರಲ್ಲೇ ಹೊಸ ತಂತಿಗಳ ಪೊಟ್ಟಣ ಒಡೆಯದೆ ಬಿದ್ದಿತ್ತು! ತಂತಿ ಬದಲಾಯಿಸಿದರೂ ನಡುವಿನ ಸ್ವರ ಪೂರ್ತಿ ಇಳಿಯಲಿಲ್ಲ. ಪ್ರತಿ ತಂತಿಯನ್ನೂ ಸಡಿಲಿಸಿ, ಬುಡದಲ್ಲಿ ಅದು ಕೂರುವ ಲೋಹದ ತುಂಡನ್ನು ಸ್ಕ್ರೂ ತಿರುವಿ ತುಸು ಹಿಂದಕ್ಕೆ ಸರಿಸಿದೆವು. ಮತ್ತೆ ಶ್ರುತಿ, ಮತ್ತೆ ನಡುವೆ ಒತ್ತಿ ಪರೀಕ್ಷೆ. ಆರು ತಂತಿಗೆ ಇಡೀ ಮಧ್ಯಾಹ್ನ ಹೋಯಿತು. ಕೆಲಸ ಮುಗಿದಾಗ ಮಾಮಾ ಅತ್ತೆಯಿದ್ದ ಅಡುಗೆಮನೆಯ ಕಡೆ ನೋಡಿದರು.

ಮರುದಿನ ರೋಣದಲ್ಲಿ ಹೆಂಗಸರು ತೊಟ್ಟಿಲ ಸುತ್ತ ನಿಂತಿದ್ದರು. ಅತ್ತೆ ಬಾಗಿಲ ಬಳಿ, ಎಲ್ಲರ ಹಿಂದೆ. ಮಾಮಾ ಗಿಟಾರು ಹಿಡಿದು ಎದ್ದರು.

"ಬೀಗರ, ಒಂದ ಮಾತು. ಇಕಿ ಸುರ ಯಾವತ್ತೂ ತಪ್ಪಿಲ್ಲ. ತಪ್ಪಿದ್ದು ನನ್ನ ಗಿಟಾರು. ಸುಮ್ಮನ ಇಕಿಗೆ ಅಂದೆ."

"ಸಾಕು ಕೂಡ್ರಿ, ಕೂಸು ಎದ್ದೀತು," ಎಂದು ಅತ್ತೆ ಮುಂದೆ ಬಂದು ತೊಟ್ಟಿಲ ಹಗ್ಗ ಹಿಡಿದರು.

ಜೋಗುಳದ ಮೂರು ನುಡಿ ಮುಗಿಯುವವರೆಗೂ ಮಾಮಾ ಒಂದು ತಂತಿಯನ್ನೂ ಮುಟ್ಟಲಿಲ್ಲ. ನಾಲ್ಕನೆಯದಕ್ಕೆ ಅತ್ತೆಯೇ ತಿರುಗಿ, ಮೆಲ್ಲಗೆ ಅಂದರು: "ಬಾರಸ್ರಿ."