ವಸಡು ನೋವು ಮತ್ತು ಅಳಿಲು ಕೊರೆದ ಕಾಯಿ

ಮಾತು ಕಡಿಮೆ ಆಡುವವನಿಗೆ ಬಾಯಿಂದ ಅಪಾಯವಿಲ್ಲ ಎನ್ನುತ್ತಾರೆ. ನಾನು ದಿನಕ್ಕೆ ನಾಲ್ಕು ಮಾತಾಡುವವನು. ಆದರೂ ನನ್ನ ಫಜೀತಿಗಳೆಲ್ಲ ಬಾಯಿಂದಲೇ ಬಂದಿವೆ. ಈಚೆಗಂತೂ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬಂದವು.

ಕರ್ಪೂರದ ಆಣೆ

ನಾನು ಮೂವತ್ತು ವರ್ಷ ಸಿಗರೇಟು ಸೇದಿದೆ. ಹೆಂಡತಿ ಹೆಚ್ಚುಕಡಿಮೆ ಅಷ್ಟೇ ವರ್ಷ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಂಡಳು. ಅವಳು ನನ್ನ ಹೊಗೆಯನ್ನು, ನಾನು ಅವಳ ಹೊಗೆಸೊಪ್ಪನ್ನು ಬೈದುಕೊಂಡು ಸಂಸಾರ ಸರಿಸಮವಾಗಿ ನಡೆದಿತ್ತು. ಹೋದ ಆಯುಧಪೂಜೆಯ ದಿನ ಬೈಕಿಗೆ ಪೂಜೆ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ ತಿರುಗಿದಳು.

"ಬನ್ರೀ, ಇವತ್ತಿಂದ ಇಬ್ರೂ ಒಟ್ಟಿಗೆ ಬುಟ್ಬುಡಾಣ."

"ಆಗಲಿ."

"ಹಂಗಲ್ಲ. ಕರ್ಪೂರ ಮುಟ್ಟಿ ಹೇಳ್ರಿ. ಮಾತು ತಪ್ಪಿದೋರು ಮನೆದೇವ್ರ ಗುಡಿ ಮುಂದೆ ನೂರೊಂದು ಕಾಯಿ ಒಡೀಬೇಕು. ಯಾಕೆ ಅಂತ ಕೇಳ್ದೋರಿಗೆಲ್ಲ ಬಾಯ್ಬಿಟ್ಟು ಹೇಳ್ಬೇಕು."

ನೂರೊಂದು ಕಾಯಿಗೆ ನಾನು ಹೆದರಲಿಲ್ಲ, ತೋಟವಿದೆ. ಕೇಳಿದವರಿಗೆಲ್ಲ ಹೇಳಬೇಕು ಅಂದದ್ದಕ್ಕೆ ಹೆದರಿದೆ. ಹತ್ತು ವರ್ಷದ ಮಾತು ಒಂದೇ ಬೆಳಿಗ್ಗೆ ಖರ್ಚಾಗುತ್ತದೆ. ಆದರೂ ಕರ್ಪೂರ ಮುಟ್ಟಿದೆ.

ಹದಿನೈದು ದಿನ ತಡೆದೆ. ಹದಿನಾರನೆಯ ದಿನ ದುಬೈಯಿಂದ ಬಾಮೈದ ಬಂದ. ಪೆನ್ನಿನಂಥ ಅರ್ಧ ಡಜನ್ ಹಸಿರು ಕೊಳವೆಗಳನ್ನು ಗುಟ್ಟಾಗಿ ಕೈಗಿಟ್ಟು, "ಭಾವ, ಇದು ವೇಪು, ಬ್ಯಾಟರಿಯದು. ಹೊಗೆ ಅಲ್ಲ, ಬರೀ ಮಾವಿನಹಣ್ಣಿನ ಆವಿ" ಅಂದ. ನಾನು ಆಣೆ ಮಾಡಿದ್ದು ಸಿಗರೇಟಿನ ವಿಷಯಕ್ಕೆ. ಆವಿ ಇಡ್ಲಿ ಪಾತ್ರೆಯಿಂದಲೂ ಬರುತ್ತದೆ. ಅದನ್ನು ಯಾರೂ ಚಟ ಅನ್ನುವುದಿಲ್ಲ.

ಅಟ್ಟದಲ್ಲಿ ಮಾವಿನಹಣ್ಣು

ನಮ್ಮ ಕಡೆ ಕೊಬ್ಬರಿಗೆಂದು ಬಿಟ್ಟ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ವೇಪು ಅಡಗಿಸಲು ಇದಕ್ಕಿಂತ ಒಳ್ಳೆಯ ಜಾಗ ಕಾಣಲಿಲ್ಲ. ಅಳಿಲು ಕೊರೆದು, ಒಳಗೆಲ್ಲ ತಿಂದು ಬೀಳಿಸಿದ ಕಾಯೊಂದನ್ನು ತೋಟದಿಂದ ತಂದೆ. ಅದರ ತೂತಿನೊಳಗೆ ಕೊಳವೆಗಳನ್ನು ಇಳಿಸಿ, ನಾರು ತುರುಕಿ, ರಾಶಿಯ ಮೂಲೆಯಲ್ಲಿಟ್ಟೆ. ದಿನಕ್ಕೆ ಮೂರು ಸಲ 'ಕಾಯಿ ನೋಡಿ ಬರ್ತೀನಿ' ಎಂದು ಏಣಿ ಹತ್ತುತ್ತಿದ್ದೆ.

ಒಂದು ಸಂಜೆ ಹೆಂಡತಿ ಏಣಿಯ ಬುಡದಲ್ಲಿ ಮೂಗು ಮೇಲೆತ್ತಿ ನಿಂತಿದ್ದಳು.

"ಕಾರ್ತೀಕದಾಗೆ ಮಾವಿನಹಣ್ಣಿನ ವಾಸ್ನೆ ಎಲ್ಲಿಂದ ಬತ್ತೈತ್ರೀ?"

"ಅಟ್ಟದಲ್ಲಿ ಅಳಿಲು..." ಎಂದೆ.

ಅಟ್ಟ ಅಂದ ಕೂಡಲೇ ಅವಳು ಯಾಕೋ ಸುಮ್ಮನಾದಳು. ಆದರೆ ಪಕ್ಕದ ಮನೆಯ ಅಜ್ಜಿ ಸುಮ್ಮನಾಗಲಿಲ್ಲ. "ಕಾಲ ಅಲ್ಲದ ಕಾಲದಾಗೆ ಹಣ್ಣಿನ ವಾಸ್ನೆ ಬಂದ್ರೆ ಅದು ದೇವ್ರು ಕಣವ್ವಾ, ಪುಣ್ಯ ಮಾಡಿದ್ದೀರಿ" ಅಂದರು. ಮಾರನೆಯ ದಿನ ಏಣಿಯ ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಬಂತು, ಬುಡದಲ್ಲಿ ರಂಗೋಲಿ ಬಂತು. ಮೂರು ದಿನ ಆ ಅಜ್ಜಿ ಊದುಬತ್ತಿ ಹಚ್ಚಿ ಕೈ ಮುಗಿಯುವುದೂ, ನಾನು ವೇಪು ಸೇದಿ ಮೆಟ್ಟಿಲಿಳಿಯುವುದೂ ಒಂದೇ ಹೊತ್ತಿಗೆ ಆಯಿತು.

ಸಿಗರೇಟಿನ ಕಾಲದಲ್ಲಿ ನನಗೆ ಆಗುತ್ತಿದ್ದ ಪೂಜೆಯೇ ಬೇರೆ.

ಮುಖ ನೋಡಿ ರೇಟು

ತಿಪಟೂರಿನ ಒಂದು ಮಂಡಿಯಲ್ಲಿ ಕೊಬ್ಬರಿ ನೋಡುವುದು ನನ್ನ ಕೆಲಸ. ನೋಡುವುದು ಕಣ್ಣಿನಿಂದ ಮಾತ್ರ ಅಲ್ಲ. ಚೀಲದಿಂದ ಒಂದು ಉಂಡೆ ತೆಗೆದು, ಒಡೆದು, ಚೂರು ಕಚ್ಚಿ ಅಗಿದು, ಎಣ್ಣೆ ಎಷ್ಟಿದೆ, ಕಮಟು ಹೊಡೆದಿದೆಯೋ ಎಂದು ತಿಳಿಯಬೇಕು. ಹಲ್ಲೇ ನನ್ನ ತಕ್ಕಡಿ.

ವೇಪು ಹಿಡಿದು ತಿಂಗಳಾಗುವಷ್ಟರಲ್ಲಿ ಬಲಗಡೆಯ ವಸಡು ಊದಿತು. ಬಾಯಿ ಸದಾ ಒಣಗುತ್ತಿತ್ತು. ಎಡಗಡೆ ಅಗಿಯೋಣವೆಂದರೆ ಅಲ್ಲೂ ಹಲ್ಲು ಜುಮ್ಮೆನ್ನುತ್ತಿತ್ತು.

ಹಂದನಕೆರೆ ಕಡೆಯ ರೈತರೊಬ್ಬರು ಒಳ್ಳೆಯ ಮಾಲು ತಂದಿದ್ದರು. ಚೂರು ಕಚ್ಚಿದೆ. ನೋವು ಕಿವಿಯವರೆಗೆ ಹೋಯಿತು.

"ಯಾಕ್ ಸಾಮಿ, ಬೇವಿನಕಾಯಿ ಕಚ್ದಂಗೆ ಮುಖ ಕಿವುಚ್ತೀರಾ?"

"ಚೆನ್ನಾಗಿದೆ."

"ಚೆನ್ನಾಗೈತೆ ಅನ್ನೋ ಮುಖನಾ ಇದು?"

"ಹಲ್ಲು ನೋವು."

"ನಮ್ಮಾಲು ತಿಂದ್ಮೇಲೇ ನಿಮ್ಗೆ ಹಲ್ಲು ನೋವು ಬಂತಾ? ರೇಟು ಇಳ್ಸೋರು ಮೊದ್ಲು ಬಾಯಲ್ಲಿ ಹೇಳೋರು, ಈಗ ಮುಖದಾಗೇ ಹೇಳ್ತಾವ್ರೆ!" ಎಂದು ಚೀಲ ಎತ್ತಿಸಿಕೊಂಡು ಪಕ್ಕದ ಮಂಡಿಗೆ ಹೋದರು. ಅವರ ಹಿಂದೆ ಇನ್ನೂ ಇಬ್ಬರು ಹೋದರು.

ಮಂಡಿಯ ಸಾಹುಕಾರರು ನನ್ನನ್ನು ಕರೆದು, "ನಾಳೆಯಿಂದ ನಗ್ತಾ ಅಗೀರಿ" ಎಂದರು.

ಮಾರನೆಯ ದಿನ ನಗುತ್ತಾ ಅಗಿದೆ. ಕಣ್ಣಲ್ಲಿ ನೀರು ಬಂದರೂ ನಗು ಬಿಡಲಿಲ್ಲ. ಅಮ್ಮಸಂದ್ರದ ರೈತರೊಬ್ಬರು ನನ್ನ ಮುಖವನ್ನೇ ನೋಡುತ್ತಿದ್ದು, "ಆನಂದಬಾಷ್ಪ ಬರೋ ಹಂಗೈತಾ ನಮ್ ಕೊಬ್ಬರಿ? ಹಂಗಾದ್ರೆ ನಿನ್ನೆ ರೇಟಿಗೆ ನಾನು ಕೊಡಾಕಿಲ್ಲ ಬುಡಿ" ಎಂದರು.

ಹಂದನಕೆರೆ ಬಸ್ಸು

ಹೆಂಡತಿಯೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ ಕೇಳಿದರು.

"ಸಿಗರೇಟು ಸೇದ್ತೀರಾ?"

"ಬುಟ್ಟು ಎರಡು ತಿಂಗ್ಳಾಯ್ತು ಡಾಕ್ಟ್ರೇ. ಕರ್ಪೂರ ಮುಟ್ಟವ್ರೆ" ಎಂದು ಹೆಂಡತಿ ಹೆಮ್ಮೆಯಿಂದ ಉತ್ತರಿಸಿದಳು.

"ಒಳ್ಳೇದು. ಸಿಗರೇಟು ಸೇದುವಾಗ ವಸಡಿನ ಕಾಯಿಲೆ ಒಳಗೊಳಗೇ ಮುಚ್ಚಿಕೊಂಡಿರುತ್ತೆ. ಬಿಟ್ಟ ಮೇಲೆ ಕಾಣಿಸಿಕೊಳ್ಳುತ್ತೆ. ಆದ್ರೆ ಬಾಯಿ ಯಾಕಿಷ್ಟು ಒಣಗಿದೆ? ವೇಪ್ ಏನಾದ್ರೂ ಸೇದ್ತೀರಾ?"

"ಆಆ" ಎಂದೆ. ಬಾಯಲ್ಲಿ ಕನ್ನಡಿಯಿತ್ತು.

"ಇಲ್ಲ ಅಂತಾವ್ರೆ" ಎಂದಳು ಹೆಂಡತಿ.

ಡಾಕ್ಟರು ನನ್ನ ಕಣ್ಣನ್ನೇ ನೋಡಿದರು. "ಸೇದೋರಿಗೆ ಹೇಳ್ತಿದ್ದೀನಿ ಅಷ್ಟೆ. ಅದೂ ವಸಡು ಕೆಡಿಸುತ್ತೆ. ನಮ್ಮ ದೇಶದಲ್ಲಿ ಅದನ್ನ ಮಾರೋ ಹಾಗೂ ಇಲ್ಲ" ಎಂದು ಹಲ್ಲು ಶುಚಿ ಮಾಡಿ, ಔಷಧಿ ಬರೆದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀವೂ ಒಂದ್ನಿಮಿಷ ಕೂತ್ಕೊಳ್ಳಿ, ನೋಡ್ಬಿಡ್ತೀನಿ" ಎಂದರು.

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ಬಾಗಿಲ ಕಡೆ ನಡೆದೇಬಿಟ್ಟಳು. "ಇನ್ನೊಂದ್ಸಲ ಬತ್ತೀನಿ ಡಾಕ್ಟ್ರೇ, ಹಂದನಕೆರೆ ಬಸ್ಸು ಹೊಂಟೋಯ್ತದೆ."

ನಾವು ಬಂದದ್ದು ಬೈಕಿನಲ್ಲಿ.

ಎರಡು ಸದ್ದು

ಐದು ಕೊಳವೆ ಆಗಲೇ ಮುಗಿದಿದ್ದವು. ಉಳಿದ ಒಂದನ್ನು ಭಾನುವಾರ ಬಿಸಾಡುವುದೆಂದು ತೀರ್ಮಾನಿಸಿದೆ. ಕೊಬ್ಬರಿ ಒಡೆಯುವವರು ಶನಿವಾರವೇ ಬಂದರು.

ಅಟ್ಟದಿಂದ ಒಬ್ಬ ಕಾಯಿ ಉರುಳಿಸುತ್ತಿದ್ದ. ಕೆಳಗೆ ಇನ್ನೊಬ್ಬ ಸಿಪ್ಪೆ ಸುಲಿಯುತ್ತಿದ್ದ. ಹೆಂಗಸರು ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಸದ್ದು ಮಾಡಿದರೆ ಮಾತ್ರ ಚಿಪ್ಪು ಒಡೆಯುತ್ತಿದ್ದರು. ಅವರಲ್ಲಿ ಹಿರಿಯಳ ಮುಂದೆ ಅಳಿಲು ಕೊರೆದ ಕಾಯೊಂದು ಉರುಳಿ ಬಂತು.

"ಅಳಿಲು ತಿಂದ ಕಾಯ್ನ ಅಟ್ಟಕ್ಕೆ ಹಾಕೋ ಬುದ್ವಂತ್ರು ಯಾರಕ್ಕಾ?" ಎಂದು ನಗುತ್ತಾ ಅಭ್ಯಾಸಬಲದಿಂದ ಅಲ್ಲಾಡಿಸಿದಳು. ಲೊಟಲೊಟ ಎಂದಿತು. "ಅಯ್, ಟೊಳ್ಳು ಕಾಯಿ ಸದ್ದು ಮಾಡ್ತೈತೆ!"

"ಅದನ್ನ ಒಲೆಗೆ ಹಾಕು, ಒಡೀಬ್ಯಾಡ!" ಎಂದು ಹೆಂಡತಿ ಓಡಿ ಬಂದಳು.

"ಒಲೆಗೆ ಬೇಡ, ಒಳಗೆ ಬ್ಯಾಟರಿ ಇದೆ!" ಎಂದು ನಾನು ಓಡಿ ಬಂದೆ. ಅಷ್ಟು ಜೋರಾಗಿ ಮಾತಾಡಿದ್ದು ಬಹಳ ವರ್ಷದ ಮೇಲೆ.

ಇಬ್ಬರ ಕೈಯೂ ಒಂದೇ ಕಾಯಿಯ ಮೇಲಿತ್ತು. ನಾರು ಉದುರಿ ಹಸಿರು ಕೊಳವೆ ಅಂಗಳಕ್ಕೆ ಬಿತ್ತು. ಮಾವಿನಹಣ್ಣಿನ ವಾಸನೆ ಹರಡಿತು. ಹೆಂಡತಿಯ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ, ಸಿಟ್ಟು ಬಂದದ್ದು ಆಮೇಲೆ.

"ಇದಾ ನಿಮ್ ಅಟ್ಟದ ದೇವ್ರು? ನೂರೊಂದು ಕಾಯಿ! ಕೇಳ್ದೋರಿಗೆಲ್ಲ ಹೇಳ್ಬೇಕು! ನೆಪ್ಪೈತಾ?"

ಅಷ್ಟರಲ್ಲಿ ಅಟ್ಟದ ಮೇಲಿನವನು ಕೂಗಿದ: "ಅಕ್ಕಾ, ಅಳಿಲು ಕೊರ್ದಿರೋದು ಇನ್ನೊಂದೈತೆ, ತಗಾ!"

ಅದು ನೆಲಕ್ಕೆ ಬಿದ್ದು, ತೂತಿನ ನಾರು ಕಿತ್ತು, ಒಳಗಿಂದ ಕಡ್ಡಿಪುಡಿಯ ಪುಟ್ಟ ಡಬ್ಬಿ ಹೊರಗೆ ಬಂತು. ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹಿರಿಯ ಹೆಂಗಸು ಕೊಳವೆಯನ್ನೂ ಡಬ್ಬಿಯನ್ನೂ ಒಂದರ ಪಕ್ಕ ಒಂದಿಟ್ಟು, "ಈ ಮನೇಲಿ ಅಳಿಲಿಗೂ ಚಟ ಅಂಟೈತೆ ಕಣಕ್ಕಾ" ಎಂದಳು.

ಸೋಮವಾರ ಗುಡಿಯ ಮುಂದೆ ಇನ್ನೂರೆರಡು ಕಾಯಿ ಒಡೆದೆವು. ಕೇಳಿದವರಿಗೆ ಹೇಳುವ ಕಷ್ಟ ಬರಲಿಲ್ಲ. ಆ ಹೆಂಗಸು ಮೊದಲೇ ಊರಿಗೆಲ್ಲ ಹೇಳಿದ್ದಳು. ಪೂಜಾರಿಗಳು ಒಂದು ಕಾಯಿಯ ಎರಡು ಹೋಳು ತಂದು ನಮ್ಮ ಕೈಗಿಟ್ಟರು. ನಾನು ವಸಡು ಹಿಡಿದುಕೊಂಡು ಹೆಂಡತಿಯನ್ನು ನೋಡಿದೆ. ಅವಳೂ ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ತಿನ್ರಪ್ಪ, ಸಂಕೋಚ ಯಾಕೆ?" ಎಂದರು ಪೂಜಾರಿಗಳು. "ಇನ್ನೂ ಇನ್ನೂರೊಂದೈತೆ."