ತಪ್ಪಾದರೆ ಅವಳನ್ನು ಕೇಳು

ಇಪ್ಪತ್ತೆರಡು ವರ್ಷದಿಂದ ಒಮ್ಮೆಯೂ ಕೆಮ್ಮಿಲ್ಲ, ಸೀನಿಲ್ಲ ಎಂಬ ಮಾತು ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಕೇಳಿಬರುತ್ತಿತ್ತು. ಹೊಗಳಿಕೆ ಕಂಪ್ಯೂಟರಿನ ಪ್ರೋಗ್ರಾಂಗೆ. ಹೊಗಳುವವನು ಅದನ್ನು ಸ್ವಹಸ್ತದಿಂದ ರಚಿಸಿದ ಯಜಮಾನ. (ತಟ್ಟೆ ನೋಡಿಕೊಂಡು ಉಣ್ಣುವವರು ಹೆಂಡತಿ, ಮಗಳು.) ಹೆಂಡತಿಯದು ಮುಂದಿನ ಕೋಣೆಯಲ್ಲಿ ಹೊಲಿಗೆಯಂಗಡಿ. ಗಿರಾಕಿಗಳ ಕತ್ತು, ತೋಳು, ಸೊಂಟದ ಅಳತೆಯೆಲ್ಲ ಆ ಪ್ರೋಗ್ರಾಂನ ಹೊಟ್ಟೆಯೊಳಗಿತ್ತು.

ಅಂಥ ಚಿರಂಜೀವಿ ಒಂದು ಬೆಳಿಗ್ಗೆ ದೊಪ್ಪನೆ ಬಿತ್ತು. ಹೆಂಡತಿಗೆ ಜ್ವರವಿದ್ದುದರಿಂದ ಅಳತೆಯನ್ನು ಕಂಪ್ಯೂಟರಿಗೆ ಹಾಕಲು ಮೊದಲ ಸಲ ಅವನೇ ಕೂತಿದ್ದ. ಬಂದವರು ಹೈಸ್ಕೂಲಿನ ಹೆಡ್‌ಮಿಸ್. ಸೊಂಟದ ಸುತ್ತಳತೆ ಎಷ್ಟೆಂದು ಅವನು ತಡವರಿಸಿ ಕೇಳುವಷ್ಟರಲ್ಲಿ ಅವರು ಕನ್ನಡಕದ ಮೇಲಿನಿಂದ ನೋಡಿ, "ಮೊದಲಿನಷ್ಟೇ" ಎಂದರು. ಆ ನೋಟಕ್ಕೆ ಎದುರಾಡುವ ಗಂಡಸು ಇನ್ನೂ ಹುಟ್ಟಿಲ್ಲ. ಅಂಕಿ ಇರಬೇಕಾದ ಜಾಗದಲ್ಲಿ ಇವನು 'ಮೊದಲಿನಷ್ಟೇ' ಎಂದೇ ಒತ್ತಿಬಿಟ್ಟ. ಪರದೆ ಕಪ್ಪಾಯಿತು. ಮತ್ತೆ ತೆರೆದರೆ ಅದೇ ಮಾತನ್ನು ಓದಿ ಮತ್ತೆ ಬೀಳುತ್ತಿತ್ತು.

ಮಗಳು ಗಡುವು ಕೊಟ್ಟಳು. ಸಂಜೆಯೊಳಗೆ ಅದು ಎದ್ದರೆ ಸರಿ, ಇಲ್ಲದಿದ್ದರೆ ಅಮ್ಮನ ಗಿರಾಕಿಗಳ ಅಳತೆಗಳನ್ನೆಲ್ಲ ಫೋನಿಗೆ ಹಾಕಿ ಈ ಹಳೇ ಪೆಟ್ಟಿಗೆಯನ್ನು ಗುಜರಿಗೆ ಕಳಿಸುತ್ತೇನೆ ಎಂದಳು. ಅವನು ಪ್ರೋಗ್ರಾಂನ ಸಾಲುಗಳನ್ನು ತೆರೆದು ಕೂತ. ಮದುವೆಯಾದ ಹೊಸದರಲ್ಲಿ ಬರೆದದ್ದು ಅದು. ಆಗ ಇದ್ದದ್ದು ಒಂದೇ ಕೋಣೆ, ಒಂದೇ ಕುರ್ಚಿ. ಅವಳು ಹೊಲಿಯಲು ಕೂತರೆ ಇವನು ನಿಂತುಕೊಂಡು ಟೈಪು ಮಾಡಬೇಕು. ಇವನು ಕೂತರೆ ಅವಳು ಕಿಟಕಿಗೆ ಒರಗಿ ಗುಂಡಿ ಹಚ್ಚಬೇಕು. ಆ ಕುರ್ಚಿಗಾಗಿ ಎಷ್ಟು ಜಗಳ, ಎಷ್ಟು ನಗು. ಈಗ ಮನೆ ತುಂಬ ಕುರ್ಚಿಗಳಿವೆ, ಜಗಳವಾಡಲು ಒಂದೂ ಇಲ್ಲ.

ಸಾಲು ಸಾಲಾಗಿ ಓದುತ್ತ ಹೋದವನಿಗೆ ಮಧ್ಯಾಹ್ನ ರೋಗ ಸಿಕ್ಕಿತು. ಕೊಂದದ್ದು ಹೆಡ್‌ಮಿಸ್ ಸೊಂಟವಲ್ಲ. ತಪ್ಪು ಬಂದರೆ ಏನು ಮಾಡಬೇಕೆಂದು ಮೊದಲೇ ಹೇಳಿಡುವ ಜಾಗವೊಂದಿದೆ. ಅಲ್ಲಿ ಯಂತ್ರಕ್ಕೆ ತಿಳಿಯುವ ಮಾತು ಮೂರೇ: ನಿಲ್ಲಿಸು, ಬಿಟ್ಟುಬಿಡು, ಗುರುತು ಹಾಕು. ಹೊಸ ಮದುಮಗ ಅಲ್ಲಿ ಬರೆದಿಟ್ಟದ್ದು, 'ಅವಳನ್ನು ಕೇಳು'. ಅವಳು ಯಾರೆಂದು ಯಂತ್ರಕ್ಕೇನು ಗೊತ್ತು? ತಪ್ಪಿಗೆ ಹೆದರದ ಪ್ರಾಣಿ, ಪಾಪ, ಪರಿಹಾರ ಓದಿ ಸತ್ತಿತ್ತು.

ಅವನ ಕಣ್ಣು ಒದ್ದೆಯಾಯಿತು. ಹೆಂಡತಿಯನ್ನು ಕರೆದು ಆ ಸಾಲು ತೋರಿಸಿದ. ಶಾಲು ಹೊದ್ದು ಬಂದವಳು ಎರಡು ಸಲ ಓದಿದಳು, ಅವನ ಹೆಗಲ ಮೇಲೆ ಕೈಯಿಟ್ಟಳು. ಜ್ವರದ ಕೈ ಬಿಸಿಯಾಗಿತ್ತು.

"ಮತ್ತೆ ಇಷ್ಟು ವರ್ಷ ಯಾಕೆ ಬೀಳಲಿಲ್ಲ?"

"ತಪ್ಪು ಬಂದ್ರೆ ಮಾತ್ರ ಈ ಸಾಲು ನೋಡುತ್ತೆ," ಎಂದು ಉಬ್ಬಿ ಹೇಳಿದ ಮೇಲೆ, ತಾನೇ ತೋಡಿದ ಹಳ್ಳ ಅವನಿಗೆ ಕಂಡಿತು.

"ಹಾಗಾದ್ರೆ ಇಪ್ಪತ್ತೆರಡು ವರ್ಷ ನಾನು ಒಂದೂ ತಪ್ಪು ಮಾಡಿಲ್ಲ," ಎಂದಳು ನಿಧಾನವಾಗಿ. "ನೀವು ಕೂತಿದ್ದು ಒಂದೇ ಬೆಳಿಗ್ಗೆ."

ಅವನು ಸಾಲು ಅಳಿಸಿದ. ಮೂರರಲ್ಲಿ ಯಾವುದನ್ನು ಹಾಕಲಿ ಎಂದು ಅವಳನ್ನೇ ಕೇಳಿದ. ಗುರುತು ಹಾಕಿ ಎಂದಳು. ಹಾಕಿದ. ಪ್ರೋಗ್ರಾಂ ಎದ್ದು ಕೂತಿತು.

ಇಪ್ಪತ್ತೆರಡು ವರ್ಷ ಒಂದೂ ತಪ್ಪಿಲ್ಲ ಎಂಬ ಮಾತು ಈಗಲೂ ಊಟದ ಹೊತ್ತಿಗೆ ಕೇಳಿಬರುತ್ತದೆ. ಹೇಳುವವಳು ಹೆಂಡತಿ. ಯಜಮಾನ ತಟ್ಟೆ ನೋಡಿಕೊಂಡು ಉಣ್ಣುತ್ತಾನೆ.